ದುಡಿಮೆಯೂ ಕಲಿಕೆಯೂ

'ಕೋಶ ಓದು, ದೇಶ ಸುತ್ತು' ಎಂಬುದು ನಮ್ಮ ಹಿರಿಯರ ಮಾತು. ಓದಿನಿಂದ ಬರುವ ಅರಿವು ಒಂದು ಬಗೆಯದು. ಲೋಕದಲ್ಲಿ ನಡೆದಾಡಿ, ಕೈಯಾರೆ ಮಾಡಿ, ತಪ್ಪಿ, ತಿದ್ದಿಕೊಂಡು ಪಡೆಯುವ ಅರಿವು ಇನ್ನೊಂದು ಬಗೆಯದು. ದಡದಲ್ಲಿ ಕುಳಿತು ಈಜಿನ ಪುಸ್ತಕವನ್ನು ನೂರು ಸಲ ಓದಿದವನೂ ನೀರಿಗೆ ಇಳಿದ ಮೊದಲ ದಿನ ಮುಳುಗಬಹುದು. ಹಾಗೆಂದು ಓದು ವ್ಯರ್ಥವಲ್ಲ. ಬರಿಯ ರೂಢಿಯಿಂದ ಈಜುವವನಿಗೆ ತಾನು ಏಕೆ ತೇಲುತ್ತೇನೆಂಬುದು ತಿಳಿಯದು; ಇನ್ನೊಬ್ಬನಿಗೆ ಕಲಿಸುವ ಸಂದರ್ಭ ಬಂದಾಗ ಅವನು ತಬ್ಬಿಬ್ಬಾಗುತ್ತಾನೆ. ಈ ಎರಡು ಬಗೆಯ ಅರಿವುಗಳನ್ನು ಒಬ್ಬನೇ ವಿದ್ಯಾರ್ಥಿಯಲ್ಲಿ ಕೂಡಿಸುವುದು ಹೇಗೆ? ಎರಡನೆಯ ಅರಿವನ್ನು ಗಳಿಸುವ ಕಾಲದಲ್ಲಿ ಅವನ ಊಟ ವಸತಿಗಳ ವೆಚ್ಚವನ್ನು ಹೊರುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಅಮೆರಿಕದ ಕೆಲವು ವಿದ್ಯಾಸಂಸ್ಥೆಗಳು ಕಂಡುಕೊಂಡ ಉತ್ತರಕ್ಕೆ 'ಸಹಕಾರಿ ಶಿಕ್ಷಣ' ಎಂದು ಹೆಸರು. ಅದು ಹುಟ್ಟಿದ ಬಗೆಯನ್ನೂ, ಕ್ರೀಡಾವಿಜ್ಞಾನದ ವಿದ್ಯಾರ್ಥಿಗಳಿಗೆ ಅದು ಒದಗಿಬಂದ ರೀತಿಯನ್ನೂ ಇಲ್ಲಿ ನೋಡೋಣ.

ಸಹಕಾರ ಎಂದೊಡನೆ ಕನ್ನಡಿಗರಿಗೆ ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಕೃಷಿ ಸಹಕಾರ ಸಂಘದ ನೆನಪಾಗುವುದು ಸಹಜ. ಅಲ್ಲಿ ರೈತರು ರೈತರೊಡನೆ ಕೈಗೂಡಿಸಿದರು. ಸಹಕಾರಿ ಶಿಕ್ಷಣದಲ್ಲಿ ಕೈಗೂಡಿಸುವವರು ಬೇರೆ: ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಕಾರ್ಖಾನೆ, ಆಸ್ಪತ್ರೆ ಅಥವಾ ಕ್ರೀಡಾಂಗಣ. ಇವೆರಡರ ನಡುವೆ ಓಡಾಡುತ್ತ ಎರಡು ಕಡೆಯಿಂದಲೂ ಕಲಿಯುವವನು ವಿದ್ಯಾರ್ಥಿ.

ಈ ಪದ್ಧತಿಯನ್ನು ಮೊದಲು ರೂಪಿಸಿದವರು ಹರ್ಮನ್ ಷ್ನೈಡರ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ 1872ರಲ್ಲಿ ಜನಿಸಿದ ಅವರು ಲೀಹೈ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತಲೇ ಓದಿ ಪದವಿ ಪಡೆದು, ಮುಂದೆ ಅಲ್ಲಿಯೇ ಅಧ್ಯಾಪಕರಾದರು. ತಮ್ಮಲ್ಲಿ ಕಲಿತು ಹೋದವರ ಪೈಕಿ ವೃತ್ತಿಯಲ್ಲಿ ಮೇಲೆ ಬಂದವರನ್ನು ಗಮನಿಸಿದಾಗ ಅವರಿಗೆ ಒಂದು ಸಂಗತಿ ಹೊಳೆಯಿತು. ಅಂಥವರಲ್ಲಿ ಹಲವರು ಓದುವ ಕಾಲದಲ್ಲಿಯೇ ಎಲ್ಲಿಯಾದರೂ ಕೆಲಸ ಮಾಡಿದ್ದವರು. ವಿಶ್ವವಿದ್ಯಾಲಯದ ಪಕ್ಕದಲ್ಲಿಯೇ ದೊಡ್ಡದೊಂದು ಉಕ್ಕಿನ ಕಾರ್ಖಾನೆಯಿತ್ತು. ತರಗತಿಯಲ್ಲಿ ಲೋಹದ ಗುಣಗಳನ್ನು ಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ, ಅದು ಕಾದು ಕರಗುವಲ್ಲಿಗೆ ವಿದ್ಯಾರ್ಥಿಯನ್ನೇ ಏಕೆ ಕಳುಹಿಸಬಾರದು ಎಂದು ಷ್ನೈಡರ್ ಯೋಚಿಸಿದರು.

1903ರಲ್ಲಿ ಅವರು ಸಿನ್ಸಿನಾಟಿ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿನ ಆಡಳಿತ ಮಂಡಳಿ ಅವರ ಯೋಜನೆಗೆ ಒಂದೇ ವರ್ಷದ ಅನುಮತಿಯನ್ನು ಕೊಟ್ಟಿತು. ಅದು ವಿಫಲವಾದರೆ ವಿಶ್ವವಿದ್ಯಾಲಯ ಹೊಣೆಯಲ್ಲ ಎಂಬ ಎಚ್ಚರಿಕೆಯ ಮಾತನ್ನೂ ಸೇರಿಸಿತು. 1906ರಲ್ಲಿ 27 ವಿದ್ಯಾರ್ಥಿಗಳೊಡನೆ ಪ್ರಯೋಗ ಆರಂಭವಾಯಿತು. ವಿದ್ಯಾರ್ಥಿಗಳನ್ನು ಜೋಡಿ ಜೋಡಿಯಾಗಿ ವಿಂಗಡಿಸಲಾಯಿತು. ಒಬ್ಬನು ಒಂದು ವಾರ ಕಾರ್ಖಾನೆಯಲ್ಲಿ ದುಡಿಯುವಾಗ ಅವನ ಜೊತೆಗಾರನು ತರಗತಿಯಲ್ಲಿ ಕಲಿಯುತ್ತಿದ್ದನು. ಮರುವಾರ ಇಬ್ಬರೂ ಸ್ಥಳ ಬದಲಾಯಿಸುತ್ತಿದ್ದರು. ಇದರಿಂದ ಕಾರ್ಖಾನೆಯ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ದುಡಿದ ವಾರಕ್ಕೆ ವಿದ್ಯಾರ್ಥಿಗೆ ಕೂಲಿ ಸಲ್ಲುತ್ತಿತ್ತು. ಒಂದು ವರ್ಷಕ್ಕೆಂದು ಆರಂಭವಾದ ಈ ಪ್ರಯೋಗ ನಿಲ್ಲದೆ ಬೆಳೆಯಿತು. ಷ್ನೈಡರ್ ಅವರೇ ಮುಂದೆ ಆ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. 1909ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ಸಂಸ್ಥೆಯೂ ಈ ಪದ್ಧತಿಯನ್ನು ಕೈಗೊಂಡಿತು. 1957ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ವಾಟರ್‌ಲೂ ವಿಶ್ವವಿದ್ಯಾಲಯವು ಎಂಜಿನಿಯರಿಂಗ್ ತರಗತಿಗಳನ್ನು ಆರಂಭಿಸಿದಾಗ, ಮೊದಲ ದಿನದಿಂದಲೇ ಇದನ್ನು ತನ್ನ ಬೋಧನೆಯ ತಳಹದಿಯಾಗಿ ಇಟ್ಟುಕೊಂಡಿತು. ಇಂದು ಈ ಪದ್ಧತಿಗೆ ಲೋಕದಲ್ಲಿಯೇ ಹೆಸರಾದ ಸ್ಥಳಗಳಲ್ಲಿ ವಾಟರ್‌ಲೂ ಒಂದು.

ಎಂಜಿನಿಯರಿಂಗ್ ವಿದ್ಯಾರ್ಥಿಯು ಕಾರ್ಖಾನೆಗೆ ಹೋಗುವುದು ಎಲ್ಲರಿಗೂ ಅರ್ಥವಾಗುತ್ತದೆ. ಕ್ರೀಡೆಯನ್ನು ಓದುವವನು ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರ ಹೇಳುವ ಮೊದಲು ಕ್ರೀಡಾವಿಜ್ಞಾನವೆಂದರೆ ಏನೆಂಬುದನ್ನು ತಿಳಿಯಬೇಕು. ಅದು ಆಟವನ್ನು ಆಡುವ ವಿದ್ಯೆಯಲ್ಲ. ಆಡುವ ದೇಹವನ್ನು ಅರಿಯುವ ವಿದ್ಯೆ. ಓಡುವಾಗ ಹೃದಯ ಎಷ್ಟು ಬಡಿಯುತ್ತದೆ, ಸ್ನಾಯು ಎಷ್ಟು ಆಮ್ಲಜನಕವನ್ನು ಬಳಸುತ್ತದೆ, ಜಿಗಿದು ನೆಲಕ್ಕೆ ಇಳಿದಾಗ ಮೊಣಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ, ಬೆವರಿನೊಡನೆ ಏನೇನು ಹೊರಟುಹೋಗುತ್ತದೆ, ಸೋಲಿನ ಭಯ ಕೈಯನ್ನು ಹೇಗೆ ನಡುಗಿಸುತ್ತದೆ - ಇವೆಲ್ಲ ಅದರ ವಿಷಯಗಳು. ಕೆನಡಾದಲ್ಲಿ ಈ ಶಾಸ್ತ್ರವನ್ನು 'ಕಿನಿಸಿಯಾಲಜಿ' ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಕಿನೆಸಿಸ್' ಎಂದರೆ ಚಲನೆ. ಮಾನವದೇಹದ ಚಲನೆಯ ಶಾಸ್ತ್ರವೆಂದು ಇದನ್ನು ನಾವು ಅರ್ಥಮಾಡಿಕೊಳ್ಳಬಹುದು.

ಈ ಶಾಸ್ತ್ರವು ಕ್ರೀಡಾಂಗಣದಲ್ಲಿ ಮಾತ್ರ ಹುಟ್ಟಿದ್ದಲ್ಲ. 1927ರಿಂದ 1947ರವರೆಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 'ಆಯಾಸ ಪ್ರಯೋಗಾಲಯ' ಎಂಬುದೊಂದು ನಡೆಯಿತು. ಮನುಷ್ಯನು ಏಕೆ ದಣಿಯುತ್ತಾನೆ ಎಂಬುದೇ ಅದರ ಪ್ರಶ್ನೆ. ಬಾಸ್ಟನ್ ಮ್ಯಾರಥಾನ್ ಓಟವನ್ನು ಏಳು ಸಲ ಗೆದ್ದ ಕ್ಲಾರೆನ್ಸ್ ಡಿಮಾರ್ ಅವರನ್ನು ಅಲ್ಲಿ ಚಲಿಸುವ ಪಟ್ಟಿಯ ಮೇಲೆ ಓಡಿಸಿ ಪರೀಕ್ಷಿಸಿದರು. ಸಾಮಾನ್ಯರಿಗಿಂತ ಅವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವು ತೀರ ಕಡಿಮೆ ಸೇರುತ್ತಿದ್ದುದು ಕಂಡುಬಂದಿತು. ಆ ಮಹಾ ಓಟಗಾರರು ವೃತ್ತಿಯಲ್ಲಿ ಮುದ್ರಣಾಲಯದ ಕೆಲಸಗಾರರಾಗಿದ್ದರು ಎಂಬುದನ್ನು ನಾವು ನೆನಪಿಡಬೇಕು. ಅದೇ ಪ್ರಯೋಗಾಲಯದ ವಿಜ್ಞಾನಿಗಳು 1932ರ ಬೇಸಿಗೆಯಲ್ಲಿ ಕೊಲರಾಡೊ ನದಿಯ ಹೂವರ್ ಅಣೆಕಟ್ಟಿನ ಕೆಲಸಗಾರರ ನಡುವೆ ಇದ್ದು, ಉರಿಬಿಸಿಲಿನಲ್ಲಿ ದುಡಿಯುವ ದೇಹವು ಬೆವರಿನ ಮೂಲಕ ನೀರಿನ ಜೊತೆಗೆ ಉಪ್ಪನ್ನೂ ಕಳೆದುಕೊಳ್ಳುವುದನ್ನು ಅಧ್ಯಯನ ಮಾಡಿದರು. ಹೀಗೆ ಓಟಗಾರನ ದೇಹ, ಕೂಲಿಗಾರನ ದೇಹ ಎರಡನ್ನೂ ಒಂದೇ ಶಾಸ್ತ್ರ ಅಳೆಯಿತು. ಪದಕಕ್ಕಾಗಿ ದಣಿದರೂ ಹೊಟ್ಟೆಪಾಡಿಗಾಗಿ ದಣಿದರೂ ದಣಿಯುವ ಸ್ನಾಯು ಒಂದೇ.

ಆದುದರಿಂದಲೇ ವಾಟರ್‌ಲೂ ವಿಶ್ವವಿದ್ಯಾಲಯವು ಚಲನಶಾಸ್ತ್ರದ ವಿದ್ಯಾರ್ಥಿಗಳಿಗೂ ಸಹಕಾರಿ ಶಿಕ್ಷಣದ ಬಾಗಿಲನ್ನು ತೆರೆದಾಗ, ಅವರಿಗೆ ಹೋಗಲು ಸ್ಥಳಗಳ ಕೊರತೆಯಾಗಲಿಲ್ಲ. ಕೆಲವರು ಅಂಗಮರ್ದನ ವ್ಯಾಯಾಮಗಳಿಂದ ಚಿಕಿತ್ಸೆ ನೀಡುವ ಫಿಸಿಯೋಥೆರಪಿ ಕೇಂದ್ರಗಳಿಗೆ ಹೋಗುತ್ತಾರೆ. ಕೆಲವರು ಹೃದ್ರೋಗದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆಗಳಲ್ಲಿ, ಕೆಲವರು ನಗರಸಭೆಗಳ ಕ್ರೀಡಾಕೇಂದ್ರಗಳಲ್ಲಿ, ಕೆಲವರು ಸಂಶೋಧನಾಲಯಗಳಲ್ಲಿ, ಇನ್ನು ಕೆಲವರು ಕಾರ್ಖಾನೆಗಳಲ್ಲಿ ನೆಲೆ ಪಡೆಯುತ್ತಾರೆ.

ಕಾರ್ಖಾನೆಗೆ ಹೋದ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಕೆಲಸಗಾರರಲ್ಲಿ ಹಲವರಿಗೆ ಸೊಂಟನೋವು. ಪೆಟ್ಟಿಗೆಗಳನ್ನು ಎತ್ತಿ ಇಡುವುದು ಅವರ ಕೆಲಸ. ಪೆಟ್ಟಿಗೆಯ ತೂಕ ಹತ್ತೇ ಕಿಲೋಗ್ರಾಂ. ಅದರಿಂದ ನೋವು ಬರುವುದು ಹೇಗೆ ಎಂದು ಮೇಲ್ವಿಚಾರಕನು ಕೇಳುತ್ತಾನೆ. ವಿದ್ಯಾರ್ಥಿನಿಯು ತರಗತಿಯಲ್ಲಿ ಸನ್ನೆಕೋಲಿನ ನಿಯಮವನ್ನು ಕಲಿತಿದ್ದಾಳೆ. ಬೆನ್ನುಮೂಳೆಯ ಕೀಲನ್ನು ಆಧಾರಬಿಂದುವೆಂದು ಭಾವಿಸಿದರೆ, ಬೆನ್ನಿನ ಸ್ನಾಯುಗಳು ಅದರಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ನಿಂತು ಎಳೆಯುತ್ತವೆ. ಪೆಟ್ಟಿಗೆ 50 ಸೆಂಟಿಮೀಟರ್ ಮುಂದೆ ಇದ್ದರೆ, 10 ಕಿಲೋಗ್ರಾಂ ಹೊರೆಯನ್ನು ಸರಿದೂಗಿಸಲು ಆ ಸ್ನಾಯುಗಳು 100 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಬಾಗಿದ ಮುಂಡದ ಭಾರ ಇದಕ್ಕೆ ಬೇರೆ. ಅದೇ ಪೆಟ್ಟಿಗೆಯನ್ನು 25 ಸೆಂಟಿಮೀಟರ್ ದೂರಕ್ಕೆ ತಂದರೆ ಆ ಬಲ ಅರ್ಧವಾಗುತ್ತದೆ. ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತಾ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರವೂ ಇದೇ ತತ್ತ್ವವನ್ನು ಒಳಗೊಂಡಿದೆ. ಅದರಂತೆ ಎಲ್ಲ ರೀತಿಯಿಂದಲೂ ಅನುಕೂಲವಾದ ಸ್ಥಿತಿಯಲ್ಲಿ ಎತ್ತಬಹುದಾದ ತೂಕ 23 ಕಿಲೋಗ್ರಾಂ. ದೂರವು 25ರಿಂದ 50 ಸೆಂಟಿಮೀಟರಿಗೆ ಏರಿದರೆ ಅದು 11.5 ಕಿಲೋಗ್ರಾಮಿಗೆ ಇಳಿಯುತ್ತದೆ. ಎತ್ತುವಾಗ ಮೈ ತಿರುಚಿದರೆ, ನಿಮಿಷಕ್ಕೆ ಹಲವು ಸಲ ಎತ್ತಿದರೆ ಇನ್ನೂ ಇಳಿಯುತ್ತದೆ.

ಇಷ್ಟು ಪುಸ್ತಕದ ವಿದ್ಯೆ. ಆದರೆ ಕೆಲಸಗಾರನು ಪೆಟ್ಟಿಗೆಯನ್ನು ದೂರದಲ್ಲಿ ಹಿಡಿಯುವುದು ಏಕೆ? ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ವಿದ್ಯಾರ್ಥಿನಿಯು ಅವನ ಪಕ್ಕದಲ್ಲಿ ದಿನಗಟ್ಟಲೆ ನಿಂತು ನೋಡಬೇಕು. ಮೇಜಿನ ಅಂಚು ಹೊಟ್ಟೆಗೆ ತಗಲುತ್ತದೆಯೇ? ಪೆಟ್ಟಿಗೆಯ ಹೊರಮೈ ಎಣ್ಣೆಯಿಂದ ಜಾರುತ್ತದೆಯೇ? ಪಾಳಿಯ ಕೊನೆಯ ಗಂಟೆಯಲ್ಲಿ ಅವನು ಅವಸರಪಡುತ್ತಾನೆಯೇ? ಇವನ್ನು ಕೇಳಿ ತಿಳಿಯುವ ತಾಳ್ಮೆ, ತನಗಿಂತ ಮೂವತ್ತು ವರ್ಷ ಹಿರಿಯನಾದ ಕೆಲಸಗಾರನಿಂದ ಕಲಿಯುವ ವಿನಯ, ಮೇಲ್ವಿಚಾರಕನಿಗೆ ಸತ್ಯವನ್ನು ಮೃದುವಾಗಿ ತಿಳಿಸುವ ಜಾಣ್ಮೆ - ಇವೇ ಅವಳು ಅಲ್ಲಿ ಕಲಿಯುವ ಪಾಠಗಳು. ಅವಳ ಲೆಕ್ಕ ತಪ್ಪಿದರೆ ಕಳೆಯುವುದು ಪರೀಕ್ಷೆಯ ಎರಡು ಅಂಕಗಳಲ್ಲ. ಒಬ್ಬ ಮನುಷ್ಯನ ಬೆನ್ನು.

ವಾಟರ್‌ಲೂವಿನಲ್ಲಿ ಈ ವ್ಯವಸ್ಥೆ ನಡೆಯುವ ಕ್ರಮ ಹೀಗಿದೆ. ಸಾಮಾನ್ಯವಾಗಿ ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಕೆಲಸ. ಇದರಿಂದ ಪದವಿ ಮುಗಿಯಲು ನಾಲ್ಕು ವರ್ಷಗಳ ಬದಲು ಸುಮಾರು ಐದು ವರ್ಷ ಹಿಡಿಯುತ್ತದೆ. ಕೆಲಸ ತಾನಾಗಿ ಕೈಗೆ ಬಂದು ಬೀಳುವುದಿಲ್ಲ. ವಿದ್ಯಾರ್ಥಿಯು ಅರ್ಜಿ ಬರೆಯಬೇಕು, ಸಂದರ್ಶನಕ್ಕೆ ಹೋಗಬೇಕು, ತಿರಸ್ಕಾರವನ್ನು ಸಹಿಸಿ ಮತ್ತೆ ಅರ್ಜಿ ಬರೆಯಬೇಕು. ಅವಧಿ ಮುಗಿದಾಗ ಕೆಲಸ ಕೊಟ್ಟವರು ಅವನ ನಡತೆ ಹಾಗೂ ಸಾಮರ್ಥ್ಯಗಳ ಬಗೆಗೆ ಅಭಿಪ್ರಾಯ ಬರೆದು ಕಳುಹಿಸುತ್ತಾರೆ. ಕೆನಡಾದಲ್ಲಿ ಈ ಶಿಕ್ಷಣದ ಮಟ್ಟವನ್ನು ಕಾಯುವ ಸಂಘವೊಂದು 1973ರಲ್ಲಿ ಸ್ಥಾಪನೆಯಾಯಿತು. ಅದು ರೂಪಿಸಿದ ನಿಯಮಗಳಂತೆ ಕೆಲಸದ ಅವಧಿಯು ಓದಿನ ಅವಧಿಯ ಕನಿಷ್ಠ ನೂರಕ್ಕೆ 30ರಷ್ಟು ಇರಬೇಕು. ಮಾಡುವ ಕೆಲಸವು ಕಲಿಕೆಗೆ ತಕ್ಕದ್ದಾಗಿರಬೇಕು. ಅದಕ್ಕೆ ಸಂಬಳ ಸಲ್ಲಬೇಕು.

ಈ ಕೊನೆಯ ನಿಯಮವನ್ನು ನಾವು ವಿಶೇಷವಾಗಿ ಗಮನಿಸಬೇಕು. ಒಂಟಾರಿಯೊ ಪ್ರಾಂತದ ಕಾನೂನಿನಲ್ಲಿ, ವಿಶ್ವವಿದ್ಯಾಲಯವು ಒಪ್ಪಿದ ಶಿಕ್ಷಣಕ್ರಮದ ಅಂಗವಾಗಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಕನಿಷ್ಠ ವೇತನದ ನಿಯಮ ಅನ್ವಯಿಸುವುದಿಲ್ಲ. ಸಂಬಳ ಕೊಡಲೇಬೇಕೆಂದು ಕಾನೂನು ಒತ್ತಾಯಿಸದ ಕಡೆಯಲ್ಲಿ ಸಹಕಾರಿ ಶಿಕ್ಷಣವು ತಾನೇ ಆ ಕಟ್ಟನ್ನು ಹಾಕಿಕೊಂಡಿದೆ. ಕಲಿಯಲು ಬಂದವನಿಗೆ ಸಂಬಳವೇಕೆ, ಕಲಿಸಿದ್ದಕ್ಕೆ ಅವನೇ ಕಾಣಿಕೆ ಕೊಡಬೇಕಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರವಾಗಿ ನನ್ನ ಅನುಭವದ ಒಂದು ಪ್ರಸಂಗವನ್ನು ಹೇಳಬಯಸುತ್ತೇನೆ.

ನಾನು ಅಧ್ಯಾಪಕನಾಗಿದ್ದ ಶಾಲೆಗೆ ವರ್ಷಕ್ಕೊಮ್ಮೆ ದೈಹಿಕ ಶಿಕ್ಷಣದ ತರುಣರು ಕೆಲವು ವಾರಗಳ ಅಭ್ಯಾಸಕ್ಕಾಗಿ ಬರುತ್ತಿದ್ದರು. ಆ ಅಭ್ಯಾಸಕ್ಕೆ ಸಂಬಳವಿರಲಿಲ್ಲ. ಒಂದು ವರ್ಷ ಬಂದವರಲ್ಲಿ ಒಬ್ಬ ತರುಣನು ಮಕ್ಕಳ ಮನಸ್ಸನ್ನು ಸೂರೆಗೊಂಡನು. ಓಟದಲ್ಲಿ ಹಿಂದೆ ಬೀಳುತ್ತಿದ್ದ ಹುಡುಗನ ಹೆಜ್ಜೆಯ ದೋಷವನ್ನು ಒಂದೇ ನೋಟದಲ್ಲಿ ಗುರುತಿಸಿ ತಿದ್ದುವ ಕಣ್ಣು ಅವನಿಗಿತ್ತು. ಮಧ್ಯಾಹ್ನ ಉಳಿದವರು ಬುತ್ತಿ ಬಿಚ್ಚುವಾಗ ಅವನು ನಲ್ಲಿಯ ನೀರು ಕುಡಿದು ಹೊಂಗೆಯ ಮರದ ಕೆಳಗೆ ಕುಳಿತಿರುತ್ತಿದ್ದನು. ಮೂರನೆಯ ವಾರ ಅವನು ಬರಲಿಲ್ಲ. ಬಸ್ಸಿನ ಖರ್ಚಿಗೆ ಹಣವಿಲ್ಲದೆ, ಮನೆಗೆ ದಿನಗೂಲಿಯೂ ಇಲ್ಲದೆ, ಓದನ್ನೇ ಬಿಟ್ಟು ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದನೆಂದು ಅನಂತರ ತಿಳಿಯಿತು. ಅವನಿಗೆ ವಿದ್ಯೆಯ ಕೊರತೆಯಿರಲಿಲ್ಲ. ಶ್ರದ್ಧೆಯ ಕೊರತೆಯೂ ಇರಲಿಲ್ಲ. ಕಲಿಯುವಷ್ಟು ದಿನ ಬದುಕಿರಲು ಬೇಕಾದ ಅಲ್ಪ ಹಣದ ಕೊರತೆಯಿತ್ತು.

ಸಂಬಳವಿಲ್ಲದ ಅಭ್ಯಾಸವು ಎಲ್ಲರಿಗೂ ತೆರೆದ ಬಾಗಿಲಿನಂತೆ ತೋರುತ್ತದೆ. ಆದರೆ ಅದರೊಳಗೆ ನಡೆದು ಹೋಗಬಲ್ಲವರು ಮನೆಯಲ್ಲಿ ಅನುಕೂಲವುಳ್ಳವರು ಮಾತ್ರ. ಕ್ರೀಡೆಯ ಕ್ಷೇತ್ರದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹೆಸರಾಂತ ತಂಡದೊಡನೆ ಇರುವುದೇ ಭಾಗ್ಯವೆಂದು ತಿಳಿದು, ಬಿಟ್ಟಿಯಾಗಿ ದುಡಿಯಲು ಮುಂದೆ ಬರುವ ತರುಣರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಆಟದ ಮೋಹವನ್ನೇ ಬಂಡವಾಳ ಮಾಡಿಕೊಳ್ಳುವವರೂ ಇಲ್ಲದಿಲ್ಲ. ಸಂಬಳದಿಂದ ಇನ್ನೊಂದು ಪ್ರಯೋಜನವೂ ಉಂಟು. ಬಿಟ್ಟಿಯಾಗಿ ದೊರೆತವನಿಗೆ ಯಜಮಾನನು ಟವೆಲು ಒಗೆಯುವ, ಕಡತ ಹೊರುವ ಕೆಲಸವನ್ನು ಕೊಟ್ಟು ಮರೆತುಬಿಡಬಹುದು. ಹಣ ಕೊಟ್ಟವನು ಆ ಹಣಕ್ಕೆ ತಕ್ಕ ಕೆಲಸವನ್ನು ನಿರೀಕ್ಷಿಸುತ್ತಾನೆ. ಹಾಗೆ ನಿರೀಕ್ಷಿಸಬೇಕಾದರೆ ಅವನು ಕಲಿಸಲೇಬೇಕಾಗುತ್ತದೆ. ಸಂಬಳ ಪಡೆದ ವಿದ್ಯಾರ್ಥಿಯೂ ತಾನು ನೋಡಲು ಬಂದ ಅತಿಥಿಯಲ್ಲ, ಹೊಣೆ ಹೊತ್ತ ಕೆಲಸಗಾರನೆಂಬುದನ್ನು ಅರಿಯುತ್ತಾನೆ. ಆದುದರಿಂದ ಈ ಪದ್ಧತಿಯಲ್ಲಿ ಸಂಬಳವು ದಯೆಯಿಂದ ಕೊಟ್ಟ ಭಿಕ್ಷೆಯಲ್ಲ. ಅದು ಪಾಠದ ಒಂದು ಭಾಗ.

ಈ ಪದ್ಧತಿಯಲ್ಲಿ ತೊಡಕುಗಳಿಲ್ಲವೆಂದಲ್ಲ. ಸಣ್ಣ ಚಿಕಿತ್ಸಾಕೇಂದ್ರಗಳಿಗೆ ವಿದ್ಯಾರ್ಥಿಯ ಸಂಬಳವೂ ಹೊರೆಯೇ. ಇದನ್ನರಿತು ಕೆನಡಾ ಸರ್ಕಾರವು 2017ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ, ಸಂಬಳದ ಅರ್ಧದವರೆಗೆ, ಗರಿಷ್ಠ 5000 ಡಾಲರುಗಳಷ್ಟನ್ನು ತಾನೇ ಭರಿಸುವ ಏರ್ಪಾಡು ಮಾಡಿತು. ದೂರದ ಊರಿನಲ್ಲಿ ಕೆಲಸ ದೊರೆತರೆ ನಾಲ್ಕು ತಿಂಗಳಿಗಾಗಿ ಬಾಡಿಗೆಮನೆ ಹುಡುಕುವ ಕಷ್ಟ ವಿದ್ಯಾರ್ಥಿಯದು. ವ್ಯಾಪಾರ ಕುಗ್ಗಿದ ಕಾಲದಲ್ಲಿ ಕೆಲಸಗಳೂ ಕುಗ್ಗುತ್ತವೆ. 2020ರ ಸಾಂಕ್ರಾಮಿಕದ ಸಮಯದಲ್ಲಿ ವ್ಯಾಯಾಮಶಾಲೆಗಳೂ ಕ್ರೀಡಾಂಗಣಗಳೂ ಮುಚ್ಚಿದಾಗ ಇದರ ಕಹಿ ಅನುಭವವಾಯಿತು. ಆದರೂ ಈ ತೊಡಕುಗಳು ಪದ್ಧತಿಯನ್ನು ಕೈಬಿಡಲು ಕಾರಣಗಳಲ್ಲ. ಅದನ್ನು ತಿದ್ದಿ ನಡೆಸಲು ಸೂಚನೆಗಳು.

ನಮ್ಮ ದೇಶಕ್ಕೂ ಈ ವಿಚಾರ ತೀರ ಹೊಸದಲ್ಲ. ಕೆಲಸ ಕಲಿಯುವವನಿಗೆ ವೇತನ ಸಲ್ಲಬೇಕೆಂಬ ತತ್ತ್ವವನ್ನು 1961ರ ಶಿಶಿಕ್ಷು ಕಾಯಿದೆಯು ಒಪ್ಪಿಕೊಂಡಿತು. ಅದು ಮೊದಲು ಕುಶಲ ಕಸುಬುಗಳಿಗೆ ಅನ್ವಯವಾಗಿ, 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ, 2014ರ ತಿದ್ದುಪಡಿಯಿಂದ ಇತರ ವಿಷಯಗಳ ಪದವೀಧರರನ್ನೂ ಒಳಗೊಂಡಿತು. ಕಾನೂನಿನ ಬಾಗಿಲು ತೆರೆದಿದೆ. ನಮ್ಮಲ್ಲಿ ದೈಹಿಕ ಶಿಕ್ಷಣದ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಆಸ್ಪತ್ರೆಗಳೂ ಕಾರ್ಖಾನೆಗಳೂ ಬೇಕಾದಷ್ಟಿವೆ. ಮೂಟೆ ಹೊರುವವರ ಬೆನ್ನುಗಳೂ, ಬರಿಗಾಲಿನಲ್ಲಿ ಓಡುವ ಹಳ್ಳಿಯ ಮಕ್ಕಳ ಮೊಣಕಾಲುಗಳೂ ಅರಿತವರ ನೋಟಕ್ಕಾಗಿ ಕಾದಿವೆ. ಇವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸುವ ಕೆಲಸ ಆಗಬೇಕಾಗಿದೆ.

ಓದುವ ಕೈಗೂ ದುಡಿಯುವ ಕೈಗೂ ನಡುವೆ ನಾವು ಬಹುಕಾಲದಿಂದ ಗೋಡೆಯೊಂದನ್ನು ಕಟ್ಟಿಕೊಂಡು ಬಂದಿದ್ದೇವೆ. ಓದಿದವನು ದುಡಿಯಬಾರದು, ದುಡಿಯುವವನಿಗೆ ಓದು ಬೇಡ ಎಂಬ ಭಾವನೆ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಒಂದು ವಾರ ಪುಸ್ತಕವನ್ನೂ ಮರುವಾರ ಸುತ್ತಿಗೆಯನ್ನೂ ಹಿಡಿದ ಸಿನ್ಸಿನಾಟಿಯ ಆ 27 ತರುಣರು ಆ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆರೆದರು. ಹೊಂಗೆಯ ಮರದ ನೆರಳಿನಲ್ಲಿ ಕುಳಿತಿದ್ದ ನಮ್ಮ ತರುಣನಂಥವರು ಆ ಕಿಂಡಿಯ ಮೂಲಕ ಒಳಗೆ ಬರುವಂತಾದರೆ, ಅದರಿಂದ ಅವರಿಗಷ್ಟೇ ಅಲ್ಲ, ಅವರಿಂದ ಓಡಲು ಕಲಿಯಬೇಕಾಗಿದ್ದ ಮಕ್ಕಳಿಗೂ ಒಳಿತಾಗುತ್ತದೆ.